ನೇತ್ರದಾನಕ್ಕೆ ಡಿಸೈನ್ ಮಾಡಿಕೊಡಲು ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಡಿಟಿಪಿ ಮತ್ತು ಡಿಸೈನ್ ಕೆಲಸ. ಬಿಡುವಾದಾಗ ನೇತ್ರದಾನಕ್ಕೆ ಪೋಸ್ಟರ್, ಕರಪತ್ರ, ಕಾರ್ಡ್ ಮಾಡಿಕೊಡುತ್ತೇನೆ. ಇದೇ ಕೆಲಸಕ್ಕೆ ಕೈ ಹಾಕಬೇಕು ಅನ್ನುವ ಹುಡುಗರು, ಕಾಲೇಜಿನವರು, ಅಂಗಡಿ ಇಟ್ಟುಕೊಂಡಿರುವ ಗೆಳೆಯರು ಸಿಕ್ಕಾಗೆಲ್ಲ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ.

## ಶುರು ಮಾಡುವ ಮುಂಚೆ

"ನನಗೆ ಫೋಟೋಶಾಪ್ ಬಿಟ್ಟರೆ ಬೇರೇನೂ ಬರಲ್ಲ. ನನ್ನಿಂದ ಏನು ಉಪಯೋಗ?"

ತುಂಬಾ ಇದೆ. ನೇತ್ರದಾನ ನಿಂತುಹೋಗುವುದು ಜನರಿಗೆ ಮನಸ್ಸಿಲ್ಲ ಅಂತಲ್ಲ. ಸಾವಿನ ಮನೆಯಲ್ಲಿ ಯಾರಿಗೂ ಅದು ನೆನಪಾಗುವುದಿಲ್ಲ. ನೆನಪಾದರೂ ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಿರುವುದಿಲ್ಲ. ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಸರಿಯಾದ ಮಾಹಿತಿ ಸರಿಯಾದ ಜಾಗದಲ್ಲಿ, ಓದುವ ಹಾಗೆ ಇರಬೇಕು. ಅದು ಡಾಕ್ಟರ ಕೆಲಸ ಅಲ್ಲ, ನಮ್ಮ ಕೆಲಸ.

"ನೇತ್ರದಾನದ ಬಗ್ಗೆ ನನಗೇ ಅಷ್ಟು ಗೊತ್ತಿಲ್ಲ. ಮೊದಲು ಏನು ತಿಳಿದುಕೊಂಡಿರಬೇಕು?"

ಇದಕ್ಕೆ ಉತ್ತರ ಉದ್ದ ಇದೆ. ತಪ್ಪು ಮಾಹಿತಿಯನ್ನು ಚಂದವಾಗಿ ಡಿಸೈನ್ ಮಾಡಿದರೆ ಅದು ಇನ್ನೂ ಜಾಸ್ತಿ ಜನಕ್ಕೆ ತಲುಪಿಬಿಡುತ್ತದೆ. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ.

ಇಡೀ ಕಣ್ಣನ್ನು ಇನ್ನೊಬ್ಬರಿಗೆ ಜೋಡಿಸುವುದಿಲ್ಲ. ಜೋಡಿಸುವುದು ಕಾರ್ನಿಯಾವನ್ನು. ಅಂದರೆ ಕಣ್ಣಿನ ಮುಂಭಾಗದಲ್ಲಿ ಕೈಗಡಿಯಾರದ ಗಾಜಿನ ಹಾಗಿರುವ ತೆಳು ಪದರ. ಗಾಯ, ಸೋಂಕು ಮುಂತಾದ ಕಾರಣಕ್ಕೆ ಆ ಪದರ ಮಂಜಾದವರಿಗೆ ಮಾತ್ರ ಇದರಿಂದ ದೃಷ್ಟಿ ಬರಬಹುದು. ಕಣ್ಣಿನ ಹಿಂದಿನ ನರ ಹಾಳಾದವರಿಗೆ ಇದರಿಂದ ಉಪಯೋಗ ಆಗುವುದಿಲ್ಲ. "ಎಲ್ಲ ಅಂಧರಿಗೂ ಬೆಳಕು" ಅಂತ ಬರೆಯಬೇಡಿ. ಕಣ್ಣಿನ ಪೊರೆ ಬೇರೆಯದೇ ವಿಷಯ. ಡಾ. ಎಂ.ಸಿ. ಮೋದಿ ಊರೂರಿನಲ್ಲಿ ಶಿಬಿರ ಹಾಕಿ ಸಾವಿರಾರು ಜನಕ್ಕೆ ಮಾಡುತ್ತಿದ್ದದ್ದು ಪೊರೆಯ ಆಪರೇಷನ್. ಅದಕ್ಕೆ ಯಾರ ಕಣ್ಣೂ ಬೇಕಾಗಿಲ್ಲ.

ಕಣ್ಣು ಕೊಡುವುದು ಸತ್ತ ಮೇಲೆ. ಸಾಮಾನ್ಯವಾಗಿ 6 ಗಂಟೆಯೊಳಗೆ ತೆಗೆಯಬೇಕು. ನೇತ್ರ ಬ್ಯಾಂಕಿನವರು ಮನೆಗೇ ಬರುತ್ತಾರೆ. 15ರಿಂದ 20 ನಿಮಿಷದ ಕೆಲಸ. ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆದುಕೊಳ್ಳುತ್ತಾರೆ. ಮುಖ ವಿಕಾರ ಆಗುವುದಿಲ್ಲ. ಅಂತ್ಯಕ್ರಿಯೆಗೆ ಅಡ್ಡಿ ಇಲ್ಲ. ಮನೆಯವರು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ, ದುಡ್ಡು ಪಡೆಯುವ ಹಾಗೂ ಇಲ್ಲ. ಕನ್ನಡಕ ಹಾಕಿಕೊಳ್ಳುತ್ತಿದ್ದವರು, ಪೊರೆಯ ಆಪರೇಷನ್ ಆದವರು, ಸಕ್ಕರೆ ಕಾಯಿಲೆ ಅಥವಾ ಬಿಪಿ ಇದ್ದವರು, ವಯಸ್ಸಾದವರು ಎಲ್ಲರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್, ರೇಬಿಸ್‌ನಂಥ ಕೆಲವು ಕಾಯಿಲೆ ಇದ್ದವರ ಕಣ್ಣನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ಅದನ್ನು ನೇತ್ರ ಬ್ಯಾಂಕಿನವರೇ ನೋಡಿ ಹೇಳುತ್ತಾರೆ.

ಬದುಕಿದ್ದಾಗ ಯಾವ ಕಾಗದವನ್ನೂ ತುಂಬದಿದ್ದವರ ಕಣ್ಣನ್ನೂ ಮನೆಯವರು ಒಪ್ಪಿದರೆ ಕೊಡಬಹುದು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ನನಗೂ ಮೊದಲು ಗೊತ್ತಿರಲಿಲ್ಲ.

"ಯಾರನ್ನು ಹೋಗಿ ಕೇಳಲಿ? ನಾನೇ ಒಂದು ಪೋಸ್ಟರ್ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಸಾಲಲ್ವಾ?"

ಸಾಲದು. ನಿಮ್ಮ ಊರಿಗೆ ರಾತ್ರಿ ಎರಡು ಗಂಟೆಗೆ ಕರೆದರೂ ಬರುವ ನೇತ್ರ ಬ್ಯಾಂಕ್ ಯಾವುದು ಅಂತ ಮೊದಲು ಹುಡುಕಿ. ಬೆಂಗಳೂರಿನಲ್ಲಿ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ, ನಾರಾಯಣ ನೇತ್ರಾಲಯದ ಡಾ. ರಾಜ್‌ಕುಮಾರ್ ನೇತ್ರ ಬ್ಯಾಂಕ್ ಇದೆ. ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಕೇಳಿದರೆ ಹತ್ತಿರದ್ದು ಯಾವುದು ಅಂತ ಹೇಳುತ್ತಾರೆ. ಬೆಂಗಳೂರಿನ ನಂಬರ್ ಹಾಕಿದ ಪೋಸ್ಟರ್ ಬೀದರ್‌ನಲ್ಲಿ ಓಡಾಡಿದರೆ ಏನು ಬಂತು?

ಹೋಗುವಾಗ ದೊಡ್ಡ ಯೋಜನೆ ಹೊತ್ತುಕೊಂಡು ಹೋಗಬೇಡಿ. "ನಿಮ್ಮ ಹತ್ತಿರ ಈಗಿರುವ ಕರಪತ್ರ ಕೊಡಿ, ನಾನು ಓದುವ ಹಾಗೆ ಮಾಡಿಕೊಡುತ್ತೇನೆ" ಅಂತ ಕೇಳಿ. ಕರೆ ಬಂದಾಗ ಫೋನ್ ಎತ್ತುವವರ ಜೊತೆ ಒಂದು ಗಂಟೆ ಕೂತುಕೊಳ್ಳಿ. ಮನೆಯವರು ಏನೇನು ಕೇಳುತ್ತಾರೆ, ಎಲ್ಲಿ ತಡವರಿಸುತ್ತಾರೆ ಅಂತ ಅವರಷ್ಟು ಚೆನ್ನಾಗಿ ಬಲ್ಲವರು ಬೇರೆ ಯಾರೂ ಇಲ್ಲ.

"ಫ್ರೀಯಾಗಿ ಮಾಡಿಕೊಟ್ಟ ಕೆಲಸಕ್ಕೆ 80ಜಿ ರಸೀದಿ ಸಿಗುತ್ತಾ?"

ಇಲ್ಲ. 80ಜಿ ಅನ್ನುವ ಆದಾಯ ತೆರಿಗೆ ವಿನಾಯಿತಿ ದುಡ್ಡಿನ ರೂಪದ ದಾನಕ್ಕೆ ಮಾತ್ರ. ಕೆಲಸ, ಸಾಮಾನು ಲೆಕ್ಕಕ್ಕೆ ಬರುವುದಿಲ್ಲ.

## ಪೋಸ್ಟರ್‌ಗೆ ಕೂತಾಗ

"ಪೋಸ್ಟರ್‌ನಲ್ಲಿ ಏನೇನು ಹಾಕಬೇಕು? ಅವರು ಎರಡು ಪುಟ ಮ್ಯಾಟರ್ ಕೊಟ್ಟಿದ್ದಾರೆ."

ಎರಡು ಪುಟವನ್ನೂ ಪೋಸ್ಟರ್‌ಗೆ ತುಂಬಬೇಡಿ. ಉಳಿದದ್ದು ಕರಪತ್ರಕ್ಕೆ ಹೋಗಲಿ. ಪೋಸ್ಟರ್‌ಗೆ ಮೂರು ವಿಷಯ ಸಾಕು: ಏನು ಮಾಡಬೇಕು, ಎಷ್ಟು ಹೊತ್ತಿನೊಳಗೆ, ಯಾವ ನಂಬರಿಗೆ.

ಜಾಗ ಉಳಿದರೆ ನೇತ್ರ ಬ್ಯಾಂಕಿನವರು ಬರುವವರೆಗೆ ಮನೆಯವರು ಮಾಡಬೇಕಾದದ್ದನ್ನು ಹಾಕಿ. ರೆಪ್ಪೆ ಮುಚ್ಚಬೇಕು. ಕಣ್ಣಿನ ಮೇಲೆ ಒದ್ದೆ ಹತ್ತಿ ಇಡಬೇಕು. ಫ್ಯಾನ್ ಆಫ್ ಮಾಡಬೇಕು. ತಲೆಯ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರಿಸಬೇಕು. ಡಾಕ್ಟರ್ ಕೊಡುವ ಸಾವಿನ ಸರ್ಟಿಫಿಕೇಟ್ ರೆಡಿ ಇರಬೇಕು. ಈ ಐದನ್ನು ಸಣ್ಣ ಚಿತ್ರಗಳಲ್ಲಿ ತೋರಿಸಿದರೆ ಓದು ಬಾರದವರಿಗೂ ತಿಳಿಯುತ್ತದೆ. ಫ್ಯಾನ್ ಆಫ್ ಮಾಡುವ ಚಿತ್ರವನ್ನು ನಾನು ಎಂದೂ ಬಿಡುವುದಿಲ್ಲ. ಸಾವಿನ ಮನೆಯಲ್ಲಿ ಜನ ಸೇರಿದ ತಕ್ಷಣ ಯಾರೋ ಒಬ್ಬರು ಫ್ಯಾನ್ ಜೋರು ಮಾಡುತ್ತಾರೆ. ಆ ಗಾಳಿಗೆ ಕಾರ್ನಿಯಾ ಒಣಗುತ್ತದೆ.

ಅಧ್ಯಕ್ಷರು, ಕಾರ್ಯದರ್ಶಿ, ಪ್ರಾಯೋಜಕರ ಫೋಟೋ ಸಾಲಾಗಿ ಹಾಕಿ ಅಂತ ಒತ್ತಾಯ ಬರುತ್ತದೆ. ನಾನು ಅವರಿಗೆ ಎರಡು ಪ್ರತಿ ತೋರಿಸುತ್ತೇನೆ. ಒಂದು ಫೋಟೋ ಇರುವುದು, ಇನ್ನೊಂದು ಇಲ್ಲದ್ದು. ಹತ್ತು ಅಡಿ ದೂರ ನಿಂತು ನಂಬರ್ ಓದಿ ಅಂತ ಕೇಳುತ್ತೇನೆ. ಹೆಚ್ಚಿನವರು ತಾವಾಗಿಯೇ ಒಪ್ಪುತ್ತಾರೆ. ಒಪ್ಪದಿದ್ದರೆ ಹೆಸರುಗಳು ಮಾತ್ರ, ಕೆಳಗೆ, ಸಣ್ಣದಾಗಿ.

"ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಒಡೆದುಹೋಗುತ್ತೆ ಅಣ್ಣ, ಏನು ಮಾಡಲಿ?"

ಈ ಪೆಟ್ಟು ನಾನೂ ತಿಂದಿದ್ದೇನೆ. ನನ್ನ ಮೊದಲ ನೇತ್ರದಾನದ ಪೋಸ್ಟರ್‌ನಲ್ಲಿ "ಕಣ್ಣು" ಅನ್ನುವ ಪದವೇ "ಕಣ್‌ಣು" ಅಂತ ಅಚ್ಚಾಗಿ ಬಂತು. ಪ್ರೆಸ್‌ನವರ ಹಳೆಯ ಕಂಪ್ಯೂಟರಿನಲ್ಲಿ ಫೈಲ್ ತೆರೆದಾಗ ಆದದ್ದು. ನಾನು ಪ್ರೂಫ್ ನೋಡಿರಲಿಲ್ಲ. ಅಷ್ಟೂ ಪ್ರತಿ ರದ್ದಿಗೆ ಹೋಯಿತು. ಇಡೀ ಪೋಸ್ಟರ್‌ಗೆ ಆ ಪದವೇ ಜೀವ. ಅದೇ ಒಡೆದಿದ್ದು ನೋಡಿ ಆವತ್ತು ಊಟ ಸೇರಲಿಲ್ಲ.

ಯೂನಿಕೋಡ್ ಕನ್ನಡದ ಒತ್ತಕ್ಷರ ಕೂಡಿಕೊಳ್ಳಬೇಕಾದರೆ ಸಾಫ್ಟ್‌ವೇರ್‌ಗೆ ಭಾರತೀಯ ಲಿಪಿ ಕೂಡಿಸಲು ಬರಬೇಕು. ಹಳೆಯ ಫೋಟೋಶಾಪ್ ಆದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ "ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್" ಅಥವಾ "ವರ್ಲ್ಡ್-ರೆಡಿ ಲೇಔಟ್" ಅಂತ ಇರುತ್ತದೆ. ಅದನ್ನು ಆರಿಸಿ ಹೊಸ ಫೈಲ್ ತೆರೆಯಿರಿ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ "ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್" ಇದೆ. ದುಡ್ಡು ಕೊಡಲು ಆಗದವರಿಗೆ ಇಂಕ್‌ಸ್ಕೇಪ್ ಉಚಿತ, ಕನ್ನಡ ಅದರಲ್ಲಿ ಚೆನ್ನಾಗಿಯೇ ಕೂರುತ್ತದೆ.

ಪ್ರೆಸ್‌ಗೆ ಕಳಿಸುವ ಪ್ರತಿಯಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಗೆರೆಯ ಆಕಾರಗಳಾಗಿ ಬದಲಿಸಿ, ಪಿಡಿಎಫ್ ಕೊಡಿ. ತಿದ್ದಲು ಬರುವ ಮೂಲ ಫೈಲನ್ನು ಬೇರೆ ಇಟ್ಟುಕೊಳ್ಳಿ. ಮೊದಲ ಪ್ರತಿ ಕೈಗೆ ಬರುವ ತನಕ ಪೂರ್ತಿ ಪ್ರಿಂಟ್‌ಗೆ ಒಪ್ಪಿಗೆ ಕೊಡಬೇಡಿ.

"ಯಾವ ಫಾಂಟ್ ಹಾಕಲಿ? ಸೈಜ್ ಎಷ್ಟಿರಲಿ?"

ಅನೇಕ್ ಕನ್ನಡ, ಬಾಲೂ ತಮ್ಮ, ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ ಎಲ್ಲವೂ ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಪೋಸ್ಟರ್‌ನ ದೊಡ್ಡ ಸಾಲಿಗೆ ಅನೇಕ್, ಕರಪತ್ರದ ಒಳಗಿನ ಮ್ಯಾಟರ್‌ಗೆ ನೋಟೋ ನನಗೆ ಇಷ್ಟ. ಅಕ್ಷರವನ್ನು ಬಲವಂತವಾಗಿ ಓರೆ ಮಾಡಬೇಡಿ, ಕನ್ನಡಕ್ಕೆ ಅದು ಒಗ್ಗುವುದಿಲ್ಲ. ಒತ್ತಿ ಹೇಳಬೇಕಾದರೆ ದಪ್ಪ ಮಾಡಿ, ಇಲ್ಲವೇ ಬಣ್ಣ ಬದಲಿಸಿ. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷಿಗೆ ಬಿಡುವ ಸಾಲಿನ ಅಂತರ ನಮಗೆ ಸಾಲದು.

ದೂರದಿಂದ ಓದಬೇಕಾದ ಸಾಲಿಗೆ ಹತ್ತು ಅಡಿಗೆ ಒಂದು ಇಂಚು ಎತ್ತರದ ಅಕ್ಷರ ಅನ್ನುವ ಲೆಕ್ಕ ಹಿಡಿಯಿರಿ.

ಫೋನ್ ನಂಬರಿಗೆ ಮಾತ್ರ ಕನ್ನಡ ಅಂಕಿ ಬೇಡ. ಕನ್ನಡ ಅಂಕಿ ನನಗೆ ಪ್ರೀತಿ, ನಮ್ಮ ಮನೆ ಬಾಗಿಲಿನ ನಂಬರ್ ಕೂಡ ಕನ್ನಡದಲ್ಲೇ ಇದೆ. ಆದರೆ ಅಳುತ್ತಾ ನಂಬರ್ ಒತ್ತುವ ಮಗನಿಗೆ ೦ ಮತ್ತು ೧ ಒಂದೇ ಥರ ಕಂಡರೆ ಕರೆ ಬೇರೆ ಯಾರಿಗೋ ಹೋಗುತ್ತದೆ. ಮೊಬೈಲಿನಲ್ಲಿ ಇರುವ ಅಂಕಿಗಳನ್ನೇ ಹಾಕಿ. ಹತ್ತು ಅಂಕಿಯನ್ನು ಐದು ಐದಾಗಿ ಬಿಡಿಸಿ, ಒಂದೇ ಸಾಲಿನಲ್ಲಿ ಇಡಿ. ಅಚ್ಚಿಗೆ ಕೊಡುವ ಮುಂಚೆ ಆ ನಂಬರಿಗೆ ನೀವೇ ಒಮ್ಮೆ ಫೋನ್ ಮಾಡಿ.

"ಕೆಂಪು ಪ್ಲಸ್ ಗುರುತು ಹಾಕಬಹುದಲ್ವಾ? ಎಲ್ಲರೂ ಹಾಕ್ತಾರೆ."

ಹಾಕಬಾರದು. ಬಿಳಿ ಹಿನ್ನೆಲೆಯ ಕೆಂಪು ಶಿಲುಬೆ ಆಸ್ಪತ್ರೆಯ ಗುರುತಲ್ಲ. ಯುದ್ಧದಲ್ಲಿ ಗಾಯಗೊಂಡವರನ್ನು ನೋಡಿಕೊಳ್ಳುವವರ ಮೇಲೆ ಗುಂಡು ಹಾರಿಸಬಾರದು ಅಂತ 1864ರ ಜಿನೀವಾ ಒಪ್ಪಂದದಲ್ಲಿ ಕೊಟ್ಟ ರಕ್ಷಣೆಯ ಗುರುತು ಅದು. ಸೇನೆಯ ವೈದ್ಯಕೀಯ ವಿಭಾಗ, ರೆಡ್ ಕ್ರಾಸ್ ಸಂಸ್ಥೆಗಳಿಗೆ ಮೀಸಲು. ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಬಳಸುವುದು ತಪ್ಪು. ಎಲ್ಲೆಂದರಲ್ಲಿ ಹಾಕಿದರೆ ರಣರಂಗದಲ್ಲಿ ಅದರ ಬೆಲೆ ಹೋಗುತ್ತದೆ. ನೇತ್ರದಾನಕ್ಕೆ ಒಂದು ಕಣ್ಣಿನ ಗೆರೆಚಿತ್ರ ಸಾಕು.

"ಅಪ್ಪು ಫೋಟೋ ಹಾಕಿದರೆ ಜನ ನಿಂತು ನೋಡ್ತಾರೆ ಅಲ್ವಾ?"

ನೋಡುತ್ತಾರೆ. ಅದರಲ್ಲಿ ಎರಡು ಮಾತಿಲ್ಲ. ಡಾ. ರಾಜ್‌ಕುಮಾರ್ 1994ರಲ್ಲಿ ನೇತ್ರ ಬ್ಯಾಂಕ್ ಉದ್ಘಾಟಿಸಿದಾಗ ಇಡೀ ಕುಟುಂಬದ ಕಣ್ಣು ಕೊಡುವುದಾಗಿ ಮಾತು ಕೊಟ್ಟರು. 2006ರಲ್ಲಿ ಅವರು, 2017ರಲ್ಲಿ ಪಾರ್ವತಮ್ಮ, 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಮನೆಯವರು ಆ ಮಾತು ಉಳಿಸಿಕೊಂಡರು. ಅಪ್ಪು ಅವರ ಎರಡು ಕಾರ್ನಿಯಾಗಳ ಮುಂದಿನ ಪದರ ಮತ್ತು ಹಿಂದಿನ ಪದರವನ್ನು ಬೇರೆ ಮಾಡಿ ನಾಲ್ಕು ಜನಕ್ಕೆ ಹಾಕಿದರು. ಆಮೇಲೆ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿ ಬಂದದ್ದನ್ನು ನಾಡೇ ನೋಡಿದೆ.

ಆದರೂ ಫೋಟೋ ತೆಗೆದವರಿಗೆ ಅದರ ಮೇಲೆ ಹಕ್ಕಿರುತ್ತದೆ. ಇಂಟರ್‌ನೆಟ್‌ನಿಂದ ಎತ್ತಿ ಹಾಕುವುದು ಸರಿಯಲ್ಲ. ನೇತ್ರ ಬ್ಯಾಂಕಿನ ಮೂಲಕ ಅನುಮತಿ ಕೇಳಿ, ಸಿಗದಿದ್ದರೆ ಬಿಡಿ. "ಅವರ ಎರಡು ಕಣ್ಣು ನಾಲ್ವರಿಗೆ" ಅಂತ ಬರೆದರೆ ಸಾಕು, ಯಾರ ಮಾತು ಅಂತ ಫೋಟೋ ಇಲ್ಲದೆಯೂ ಕನ್ನಡಿಗರಿಗೆ ತಿಳಿಯುತ್ತದೆ. ಇನ್ನೊಂದು ಮಾತು. ಅಪ್ಪು ಮುಖ ಅರ್ಧ ಪೋಸ್ಟರ್ ತುಂಬಿದರೆ ಜನ ಕೈಮುಗಿದು ಮುಂದೆ ಹೋಗುತ್ತಾರೆ. ನಂಬರ್ ಕಣ್ಣಿಗೆ ಬೀಳುವುದಿಲ್ಲ.

"ಅಳುವ ಮಗು, ಕತ್ತಲು, ಬಿಳಿಯಾದ ಕಣ್ಣು. ಇಂಥ ಚಿತ್ರ ಮನಸ್ಸಿಗೆ ತಟ್ಟುತ್ತಲ್ಲ, ಹಾಕಬಾರದಾ?"

ನಾನು ಹಾಕುವುದಿಲ್ಲ. ಅಂಥ ಚಿತ್ರ ನೋಡಿ ಜನ ಮುಖ ತಿರುಗಿಸುತ್ತಾರೆ. ಕಣ್ಣು ಕಾಣದವರನ್ನು ಅಯ್ಯೋ ಪಾಪ ಅನ್ನಿಸುವ ಹಾಗೆ ತೋರಿಸುವುದು ಅವರಿಗೆ ಮಾಡುವ ಅವಮಾನ ಕೂಡ. ಇನ್ನು ಕಣ್ಣು ತೆಗೆಯುವ ಕತ್ತರಿ, ಕೈಯಲ್ಲಿ ಹಿಡಿದ ಕಣ್ಣುಗುಡ್ಡೆ ಇಂಥದ್ದನ್ನು ತೋರಿಸಿದರೆ ಮನೆಯವರ ಭಯ ಜಾಸ್ತಿ ಆಗುತ್ತದೆ.

ದೃಷ್ಟಿ ಬಂದ ಮೇಲೆ ಮಾಡುವ ದಿನನಿತ್ಯದ ಕೆಲಸ ತೋರಿಸಿ. ಸೂಜಿಗೆ ದಾರ ಪೋಣಿಸುವ ಅಜ್ಜಿ. ಬಸ್ಸಿನ ಬೋರ್ಡ್ ಓದುವ ಹುಡುಗ. ನಿಜವಾದ ರೋಗಿಯ ಫೋಟೋ ಬಳಸುವುದಾದರೆ ಎಲ್ಲೆಲ್ಲಿ ಬರುತ್ತದೆ ಅಂತ ಅವರ ಭಾಷೆಯಲ್ಲಿ ಹೇಳಿ, ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಯಾರ ಕಣ್ಣು ಯಾರಿಗೆ ಹೋಯಿತು ಅನ್ನುವುದನ್ನು ನೇತ್ರ ಬ್ಯಾಂಕಿನವರು ಗುಟ್ಟಾಗಿ ಇಡುತ್ತಾರೆ. ಪೋಸ್ಟರ್‌ನಲ್ಲಿ ಅದನ್ನು ಬಯಲು ಮಾಡುವ ಹಾಗಿಲ್ಲ.

"ಸರ್ಕಲ್‌ನಲ್ಲಿ ದೊಡ್ಡ ಫ್ಲೆಕ್ಸ್ ಹಾಕಿಸೋಣ್ವಾ?"

ಬೇಡ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್ ಎಲ್ಲಕ್ಕೂ 2016ರಿಂದಲೇ ನಿಷೇಧ ಇದೆ. ಬಟ್ಟೆಯ ಬ್ಯಾನರ್ ಮಾಡಿಸಿ, ಸ್ಥಳೀಯ ಆಡಳಿತದ ಅನುಮತಿ ಪಡೆದು ಕಟ್ಟಿ. ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ನೇತ್ರದಾನ ಪಾಕ್ಷಿಕ ನಡೆಯುತ್ತದೆ. ಆಗ ಕೇಳಿದರೆ ಅನುಮತಿ ಸುಲಭ.

"ಕ್ಯೂಆರ್ ಕೋಡ್ ಹಾಕಿದ್ದೆ, ಒಂದು ತಿಂಗಳಾದ ಮೇಲೆ ತೆರೀತಾನೇ ಇಲ್ಲ."

ಉಚಿತ ಟ್ರಯಲ್ ಕೊಡುವ ಸೈಟಿನಲ್ಲಿ ಡೈನಾಮಿಕ್ ಕೋಡ್, ಅಂದರೆ ಆ ಸೈಟಿನ ಮೂಲಕವೇ ತೆರೆಯುವ ಕೋಡ್ ಮಾಡಿರುತ್ತೀರಿ. ಟ್ರಯಲ್ ಮುಗಿದ ಕೂಡಲೇ ಅದು ಸಾಯುತ್ತದೆ. ವಿಳಾಸ ಕೋಡಿನ ಒಳಗೇ ಇರುವ ಸ್ಟಾಟಿಕ್ ಕೋಡ್ ಮಾಡಿ, ನೇತ್ರ ಬ್ಯಾಂಕಿನ ಸ್ವಂತ ಪುಟಕ್ಕೆ ಕೊಂಡಿ ಕೊಡಿ. ಎಷ್ಟು ದೂರದಿಂದ ಸ್ಕ್ಯಾನ್ ಮಾಡುತ್ತಾರೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಇರಲಿ. ಸುತ್ತ ಬಿಳಿ ಜಾಗ ಬಿಡಿ. ಜನರ ಹೆಸರು, ವಿಳಾಸ ತುಂಬಿಸುವ ಫಾರ್ಮ್ ನಿಮ್ಮ ಸ್ವಂತ ಖಾತೆಯಲ್ಲಿ ಬೇಡ. ಆ ವಿವರ ನೇತ್ರ ಬ್ಯಾಂಕಿನ ಹತ್ತಿರವೇ ಇರಬೇಕು.

## ಇನ್ನೂ ಸ್ವಲ್ಪ ಮುಂದೆ

"ನಮ್ಮ ಶಿಬಿರದಲ್ಲಿ ಎಷ್ಟೊಂದು ಜನ ವಾಗ್ದಾನ ಪತ್ರ ತುಂಬಿದರು. ಆದರೆ ನಿಜವಾಗಿ ಕಣ್ಣು ಬರುವುದು ಕಡಿಮೆ ಅಂತಾರೆ. ಯಾಕೆ?"

ಪತ್ರ ತುಂಬಿದವರು ಸಾಯುವಾಗ ಫೋನ್ ಮಾಡುವವರು ಅವರಲ್ಲ, ಮನೆಯವರು. ಕಾರ್ಡ್ ಬೀರುವಿನ ಒಳಗೆ ಎಲ್ಲೋ ಇರುತ್ತದೆ. ಮಗಳಿಗೆ ಗೊತ್ತಿದ್ದರೆ ಅಳಿಯನಿಗೆ ಗೊತ್ತಿರುವುದಿಲ್ಲ. ಬಂದು ನಿಂತ ಹಿರಿಯರು ಬೇಡ ಅಂದರೆ ಅಲ್ಲಿಗೆ ಮುಗಿಯಿತು.

ಈಗ ನಾನು ಡಿಸೈನ್ ಮಾಡುವಾಗ ಕಾರ್ಡ್ ತುಂಬುವವರ ಬದಲು ಉಳಿದ ಮನೆಯವರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಬೀರುವಿಗೆ ಹೋಗುವ ಕಾರ್ಡ್ ಬದಲು ಗೋಡೆಯ ಮೇಲೆ ಉಳಿಯುವ ವಸ್ತು ಮಾಡಿ. ನಮ್ಮ ಕಡೆ ಕ್ಯಾಲೆಂಡರ್ ಇಲ್ಲದ ಮನೆ ಉಂಟಾ? ಅಮಾವಾಸ್ಯೆ, ಏಕಾದಶಿ ನೋಡಲು, ಹಾಲಿನ ಲೆಕ್ಕ ಬರೆಯಲು ದಿನಾ ಅದರ ಮುಂದೆ ನಿಲ್ಲುತ್ತಾರೆ. ಹನ್ನೆರಡೂ ಪುಟದ ಕೆಳಗೆ ಒಂದೇ ಜಾಗದಲ್ಲಿ ನೇತ್ರ ಬ್ಯಾಂಕಿನ ನಂಬರ್, "6 ಗಂಟೆಯೊಳಗೆ" ಅನ್ನುವ ಮಾತು, ಪಕ್ಕದಲ್ಲಿ "ನಮ್ಮ ಮನೆಯಲ್ಲಿ ಕಣ್ಣು ಕೊಡಲು ಒಪ್ಪಿದವರು" ಅಂತ ಹೆಸರು ಬರೆಯಲು ನಾಲ್ಕು ಗೆರೆ ಇಡಿ. ಆ ಗೆರೆ ತುಂಬಬೇಕಾದರೆ ಮನೆಯಲ್ಲಿ ಮಾತಾಗಲೇಬೇಕು. ನಾನು ಮಾಡಿದ ಕೆಲಸಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ.

"ಕಣ್ಣು ಸರಿಯಾಗಿ ಕಾಣದವರಿಗೆ ನಮ್ಮ ಪೋಸ್ಟರ್ ಹೇಗೆ ತಲುಪುತ್ತೆ?"

ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿನಿ ಕೇಳುವ ತನಕ ನಾನು ಯೋಚಿಸಿಯೇ ಇರಲಿಲ್ಲ. ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕಡಿಮೆ ಎಂದರೆ 4.5:1 ವ್ಯತ್ಯಾಸ ಇರಲಿ. ತಿಳಿ ಹಳದಿ ಮೇಲೆ ಬಿಳಿ ಅಕ್ಷರ ಯಾರಿಗೂ ಕಾಣುವುದಿಲ್ಲ. ವಾಟ್ಸಾಪ್‌ನಲ್ಲಿ ಚಿತ್ರ ಕಳಿಸುವಾಗ ಅದರಲ್ಲಿರುವ ಮಾತನ್ನು ಕೆಳಗೆ ಟೈಪ್ ಮಾಡಿ ಸೇರಿಸಿ. ಸ್ಕ್ರೀನ್ ರೀಡರ್ ಅದನ್ನು ಓದಿ ಹೇಳುತ್ತದೆ. ಕರಪತ್ರವನ್ನು ಆನ್‌ಲೈನ್‌ಗೆ ಹಾಕುವುದಾದರೆ ಔಟ್‌ಲೈನ್ ಮಾಡದ, ಯೂನಿಕೋಡ್ ಅಕ್ಷರದ ಪಿಡಿಎಫ್ ಹಾಕಿ. "ನುಡಿ", "ಬರಹ" ಅನ್ನುವ ಕನ್ನಡ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳಲ್ಲಿ ಮಾಡಿದ್ದು ಸ್ಕ್ರೀನ್ ರೀಡರ್‌ಗೆ ಅರ್ಥವಿಲ್ಲದ ಅಕ್ಷರಗಳ ಗೋಜಲು.

"ಪೊರೆ ಕರಗಿಸುವ ಡ್ರಾಪ್ಸ್ ಫ್ರೀ ಕೊಡ್ತೀವಿ, ಸೇವೆ ಅಂತ ಪೋಸ್ಟರ್ ಮಾಡಿಕೊಡಿ ಅಂತ ಒಬ್ಬರು ಬಂದಿದ್ದಾರೆ."

ಮಾಡಿಕೊಡಬೇಡಿ. ಪೊರೆಗೆ ಇರುವ ಚಿಕಿತ್ಸೆ ಆಪರೇಷನ್. ಕುರುಡುತನ, ಕಣ್ಣಿನ ಪೊರೆ, ಗ್ಲಾಕೋಮಾ ವಾಸಿ ಮಾಡುತ್ತೇವೆ ಅನ್ನುವ ಔಷಧದ ಜಾಹೀರಾತಿಗೆ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲಿ ನಿಷೇಧ ಇದೆ. ಸೇವೆ ಅನ್ನುವ ಹೆಸರು ಇದ್ದ ಮಾತ್ರಕ್ಕೆ ಎಲ್ಲವೂ ಸೇವೆ ಆಗುವುದಿಲ್ಲ.

"ನಾನು ಮಾಡಿದ ಡಿಸೈನ್‌ಗೆ ಬೇರೆ ಸಂಘದವರು ಅವರ ಲೋಗೋ ಹಾಕಿಕೊಂಡಿದ್ದಾರೆ. ಬೇಜಾರಾಗುತ್ತೆ."

ಬೇಜಾರು ಸಹಜ. ಮೊದಲು ನಂಬರ್ ನೋಡಿ. ನಂಬರ್ ಸರಿ ಇದ್ದು ಕರೆ ನೇತ್ರ ಬ್ಯಾಂಕಿಗೇ ಹೋಗುತ್ತಿದ್ದರೆ ನಾನು ಸುಮ್ಮನಾಗುತ್ತೇನೆ. ನಂಬರ್ ಬದಲಾಗಿದ್ದರೆ ಮಾತ್ರ ಬಿಡುವುದಿಲ್ಲ, ತೆಗೆಸುತ್ತೇನೆ.

ಕಾನೂನಿನ ಪ್ರಕಾರ ಸ್ವತಂತ್ರವಾಗಿ, ಉಚಿತವಾಗಿ ಮಾಡಿಕೊಟ್ಟ ಡಿಸೈನ್‌ನ ಹಕ್ಕು ಸಾಮಾನ್ಯವಾಗಿ ನಿಮ್ಮದೇ. ಹಕ್ಕು ಕೊಡುವುದಾದರೆ ಬರಹದಲ್ಲೇ ಆಗಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ 1957ರ ಹಕ್ಕುಸ್ವಾಮ್ಯ ಕಾಯ್ದೆ ಅದನ್ನು 5 ವರ್ಷ ಅಂತ ಹಿಡಿಯುತ್ತದೆ. ಅದಕ್ಕೇ ನಾನು ಫೈಲ್ ಜೊತೆ ಅರ್ಧ ಪುಟದ ಕಾಗದ ಕೊಡುತ್ತೇನೆ. ಯಾರು ಬೇಕಾದರೂ ಅಚ್ಚು ಹಾಕಬಹುದು, ಮಾರಬಾರದು, ನೇತ್ರ ಬ್ಯಾಂಕ್ ಒಪ್ಪದೆ ಮಾಹಿತಿ ಬದಲಿಸಬಾರದು ಅಂತ ಅದರಲ್ಲಿ ಇರುತ್ತದೆ.

"ನಮ್ಮ ಕೆಲಸದಿಂದ ಉಪಯೋಗ ಆಯ್ತಾ ಅಂತ ಹೇಗೆ ತಿಳಿಯೋದು?"

ಎಷ್ಟು ಜನ ಲೈಕ್ ಮಾಡಿದರು ಅನ್ನುವುದರಿಂದ ತಿಳಿಯುವುದಿಲ್ಲ. ನೇತ್ರ ಬ್ಯಾಂಕಿನಲ್ಲಿ ಫೋನ್ ಎತ್ತುವವರಿಗೆ ಒಂದು ಕೋರಿಕೆ ಇಡಿ: "ನಂಬರ್ ಎಲ್ಲಿ ಸಿಕ್ಕಿತು ಅಂತ ಆಮೇಲೆ ಯಾವಾಗಲಾದರೂ ಕೇಳಿ ಬರೆದಿಡಿ." ಆ ಹೊತ್ತಿನಲ್ಲೇ ಕೇಳುವುದು ಬೇಡ. ವರ್ಷಕ್ಕೊಮ್ಮೆ ಹೋಗಿ ಆ ಪುಸ್ತಕ ನೋಡಿ.

"ನಂದು ಬಸ್ ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ. ಶ್ರದ್ಧಾಂಜಲಿ ಬ್ಯಾನರ್‌ಗೆ ಬಂದವರ ಹತ್ತಿರ ಈ ಮಾತು ಎತ್ತಬಹುದಾ? ತಪ್ಪಾಗಲ್ವಾ?"

ಇಷ್ಟು ವರ್ಷದಲ್ಲಿ ನನಗೆ ಬಂದ ಪ್ರಶ್ನೆಗಳಲ್ಲಿ ಇದೇ ದೊಡ್ಡದು. ನಮ್ಮ ಊರುಗಳಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಒಂದೆರಡು ಗಂಟೆಯಲ್ಲೇ "ಭಾವಪೂರ್ಣ ಶ್ರದ್ಧಾಂಜಲಿ" ಮಾಡಿಸಲು ಫೋಟೋ ಹಿಡಿದುಕೊಂಡು ಬರುತ್ತಾರೆ. ಆ 6 ಗಂಟೆಯೊಳಗೆ ಅವರು ಬಂದು ಕೂರುವ ಕೆಲವೇ ಜಾಗಗಳಲ್ಲಿ ನಮ್ಮ ಅಂಗಡಿ ಒಂದು. ನೇತ್ರ ಬ್ಯಾಂಕಿನವರಿಗೆ ಈ ಅವಕಾಶ ಇಲ್ಲ, ನಮಗಿದೆ.

ಎತ್ತಬಹುದು. ಆದರೆ ಹೇಗೆ ಅನ್ನುವುದು ಮುಖ್ಯ. ಬರುವವರು ಸಾಮಾನ್ಯವಾಗಿ ಅಣ್ಣನ ಮಗ, ಅಳಿಯ, ಪಕ್ಕದ ಮನೆಯವರು. ಹೆಂಡತಿ, ಮಕ್ಕಳಲ್ಲ. ಅವರಿಗೆ ಮಾತಾಡುವ ಶಕ್ತಿ ಇರುತ್ತದೆ. ಮೊದಲು ಕೂರಿಸಿ, ನೀರು ಕೊಡಿ. ಯಾವಾಗ ಹೋದರು ಅಂತ ಕೇಳಿ. ಹೊತ್ತು ಇನ್ನೂ ಇದ್ದರೆ ಮೆಲ್ಲಗೆ ಹೇಳಿ: "ಅಣ್ಣ, ಅವರ ಕಣ್ಣು ಕೊಡುವ ಯೋಚನೆ ಏನಾದರೂ ಮನೆಯಲ್ಲಿ ಇದೆಯಾ? ಇದ್ದರೆ ನಂಬರ್ ಇಲ್ಲಿದೆ, ಅವರೇ ಮನೆಗೆ ಬರ್ತಾರೆ." ಒಂದೇ ಸಲ ಹೇಳಿ. ವಾದ ಬೇಡ. ಪುಣ್ಯದ ಮಾತೂ ಬೇಡ. ನಿಮ್ಮ ಟೇಬಲ್ ಮೇಲೆ, ಅವರ ಕಡೆಗೆ ಮುಖ ಮಾಡಿ ಒಂದು ಸಣ್ಣ ಕಾರ್ಡ್ ನಿಲ್ಲಿಸಿಡಿ. ಕೆಲವರು ಅದನ್ನೇ ಓದಿ ತಾವೇ ಕೇಳುತ್ತಾರೆ.

ಕೊಟ್ಟಿದ್ದರೆ, ಮನೆಯವರು ಒಪ್ಪಿದರೆ, ಬ್ಯಾನರ್‌ನಲ್ಲಿ ಹೆಸರಿನ ಕೆಳಗೆ "ಇವರ ಕಣ್ಣುಗಳನ್ನು ದಾನ ಮಾಡಲಾಗಿದೆ" ಅಂತ ಒಂದು ಸಾಲು ಸೇರಿಸಿ. ವೈಕುಂಠ ಸಮಾರಾಧನೆ, ಶಿವಗಣಾರಾಧನೆಯ ಕಾರ್ಡಿನಲ್ಲೂ ಅದೇ ಸಾಲು ಇರಲಿ. ಓದಿದ ನೆಂಟರು ನಮ್ಮಲ್ಲೂ ಕೊಡಬಹುದು ಅಂತ ಅಂದುಕೊಳ್ಳುತ್ತಾರೆ.

ಬೇಡ ಅಂದವರೂ ಇದ್ದಾರೆ. ಒಬ್ಬರು ನನ್ನ ಮೇಲೆ ಸಿಟ್ಟಾಗಿ ಎದ್ದೂ ನಿಂತರು. ಕ್ಷಮಿಸಿ ಅಂದೆ. ಫೋಟೋ ಕೇಳಿ ಸ್ಕ್ಯಾನ್ ಮಾಡಿದೆ. ಹೆಸರಿನ ಕಾಗುಣಿತ ಎರಡು ಸಲ ಕೇಳಿಕೊಂಡು ಬ್ಯಾನರ್ ಮಾಡಿಕೊಟ್ಟೆ. ಅದೇ ಮನೆಯವರು ಮುಂದಿನ ವರ್ಷ ಕ್ಯಾಲೆಂಡರ್ ಕೇಳಿಕೊಂಡು ಬಂದರು.